ಲಿವರ್ ಆಪರೇಷನ್ನಿಗೆ ನಾಲ್ಕು ಬಾಟಲಿ ರಕ್ತ ಯಾಕೆ?

ಪ್ರಶ್ನೆ: ನಮ್ಮ ಮಾವನವರಿಗೆ ದೊಡ್ಡ ಕರುಳಿನ ಕ್ಯಾನ್ಸರ್ ಲಿವರಿಗೆ ಹರಡಿದೆ. ಮುಂದಿನ ತಿಂಗಳು ಹುಬ್ಬಳ್ಳಿಯಲ್ಲಿ ಆಪರೇಷನ್. ನಾಲ್ಕು ಬಾಟಲಿ ರಕ್ತಕ್ಕೆ ವ್ಯವಸ್ಥೆ ಮಾಡಿಕೊಳ್ಳಿ ಅಂದಿದ್ದಾರೆ. ಜರ್ಮನಿಯಲ್ಲಿರುವ ನಮ್ಮ ಅಣ್ಣನ ಮಗ ಮಾತ್ರ ಅಲ್ಲಿ ಇಂಥವರಿಗೆ ಎಷ್ಟೋ ಸಲ ರಕ್ತ ಕೊಡುವುದೇ ಇಲ್ಲ ಅನ್ನುತ್ತಾನೆ. ನಮ್ಮವರು ಹಿಂದುಳಿದಿದ್ದಾರಾ?
– ಓದುಗರು, ಹಾನಗಲ್

ಉತ್ತರ: ಮೊದಲು ಗಾಬರಿ ಬಿಡಿ. ರಕ್ತ ರೆಡಿ ಇಟ್ಟುಕೊಳ್ಳುವುದೇ ಬೇರೆ, ಕೊಡುವುದೇ ಬೇರೆ. ಲಿವರಿಗೆ ನಿಮಿಷಕ್ಕೆ ಸುಮಾರು ಒಂದೂವರೆ ಲೀಟರ್ ರಕ್ತ ಹರಿದು ಬರುತ್ತದೆ, ಅದಕ್ಕೇ ಎಲ್ಲ ದೇಶಗಳಲ್ಲೂ ರಕ್ತ ಕಾದಿಟ್ಟುಕೊಂಡೇ ಚಾಕು ಹಿಡಿಯುತ್ತಾರೆ. ನಿಮ್ಮ ಡಾಕ್ಟರು ಕೇಳಿದ್ದು ಸರಿಯಾಗಿಯೇ ಇದೆ.

ಆದರೆ ನಿಮ್ಮ ಅಣ್ಣನ ಮಗನ ಮಾತೂ ಸುಳ್ಳಲ್ಲ. ರಕ್ತ ಕೊಡುವ ರೂಢಿ ದೇಶದಿಂದ ದೇಶಕ್ಕೆ, ಅಷ್ಟೇ ಯಾಕೆ, ಒಂದೇ ಊರಿನ ಎರಡು ಆಸ್ಪತ್ರೆಗಳ ನಡುವೆಯೂ ಬದಲಾಗುತ್ತದೆ. ಹಿಮೋಗ್ಲೋಬಿನ್ 10ಕ್ಕಿಂತ ಇಳಿದರೆ ರಕ್ತ ಏರಿಸಬೇಕು ಅನ್ನುವುದು ಹಳೆಯ ಲೆಕ್ಕ. 1999ರಲ್ಲಿ ಕೆನಡಾದವರು ಐಸಿಯು ರೋಗಿಗಳ ಮೇಲೆ ದೊಡ್ಡ ಅಧ್ಯಯನ ಮಾಡಿ, 7ಕ್ಕಿಂತ ಇಳಿಯುವ ತನಕ ಕಾದರೂ ಹೆಚ್ಚಿನವರಿಗೆ ತೊಂದರೆ ಆಗುವುದಿಲ್ಲ ಅಂತ ತೋರಿಸಿದರು. ಅದನ್ನು ಬೇಗ ಒಪ್ಪಿಕೊಂಡ ಕಡೆ ರಕ್ತದ ಬಳಕೆ ಇಳಿಯಿತು. ಉಳಿದ ಕಡೆ "ಒಂದು ಬಾಟಲಿ ಹಾಕಿಬಿಡೋಣ, ಸೇಫ್" ಅನ್ನುವುದು ನಡೆದೇ ಇದೆ. ಹೃದಯದ ತೊಂದರೆ ಇರುವವರಿಗೆ ಮಾತ್ರ ಆ ಗೆರೆ ಸ್ವಲ್ಪ ಮೇಲಿರಬೇಕು.

ಇನ್ನೊಂದು ವಿಷಯ, ರೋಗಿಗಳೇ ಬೇರೆ ಬೇರೆ. ಯುರೋಪಿನಲ್ಲಿ ಇಂಥ ಆಪರೇಷನ್ ಜಾಸ್ತಿ ಆಗುವುದು ನಿಮ್ಮ ಮಾವನವರ ಥರ ಕರುಳಿನಿಂದ ಹರಡಿದ ಗಡ್ಡೆಗೆ. ಜಪಾನಿನಲ್ಲಿ ಹೆಪಟೈಟಿಸ್ ವೈರಸ್ಸಿನಿಂದ ಲಿವರ್ ಗಟ್ಟಿಯಾದ ರೋಗಿಗಳು ಬಹಳ. ಗಟ್ಟಿಯಾದ ಲಿವರ್ ಜಾಸ್ತಿ ಸೋರುತ್ತದೆ. ಹೀಗಿರುವಾಗ ಆ ದೇಶದಲ್ಲಿ ಎಷ್ಟು ಬಾಟಲಿ, ಈ ದೇಶದಲ್ಲಿ ಎಷ್ಟು ಅಂತ ಸುಮ್ನೆ ಹೋಲಿಸಿದರೆ ಏನೂ ಗೊತ್ತಾಗುವುದಿಲ್ಲ, ಅಲ್ವಾ?

ರಕ್ತ ಕಡಿಮೆ ಹೋಗುವಂತೆ ಮಾಡುವ ವಿಧಾನಗಳಂತೂ ಎಲ್ಲ ಕಡೆಯ ಸರ್ಜನ್ನರಿಗೂ ಗೊತ್ತಿರುವವೇ. ಲಿವರಿಗೆ ಹೋಗುವ ರಕ್ತನಾಳಗಳನ್ನು ಕೆಲವು ನಿಮಿಷ ಬಿಗಿಹಿಡಿಯುವ ಉಪಾಯವನ್ನು ಗ್ಲಾಸ್ಗೋದ ಪ್ರಿಂಗಲ್ ಅನ್ನುವ ಸರ್ಜನ್ 1908ರಲ್ಲೇ ಬರೆದಿಟ್ಟರು. ಅರಿವಳಿಕೆ ಡಾಕ್ಟರು ಸಲೈನ್ ಕಡಿಮೆ ಕೊಟ್ಟು ದೊಡ್ಡ ರಕ್ತನಾಳಗಳ ಒತ್ತಡ ಇಳಿಸುತ್ತಾರೆ, ಪೈಪಿನಲ್ಲಿ ನೀರಿನ ರಭಸ ಇಳಿಸಿ ನಲ್ಲಿ ರಿಪೇರಿ ಮಾಡಿದ ಹಾಗೆ. ರಕ್ತ ನಿಲ್ಲಿಸುವ ಟ್ರಾನೆಕ್ಸಾಮಿಕ್ ಆ್ಯಸಿಡ್ ಮೇಲೆ ಬಹಳ ಜನ ಭರವಸೆ ಇಟ್ಟಿದ್ದರು. ಆದರೆ ಕೆನಡಾ, ಅಮೆರಿಕದ ದೊಡ್ಡ ಪರೀಕ್ಷೆಯೊಂದರ ಫಲಿತಾಂಶ 2024ರಲ್ಲಿ ಬಂತು. ಲಿವರ್ ಆಪರೇಷನ್ನಿನಲ್ಲಿ ಅದರಿಂದ ರಕ್ತ ಕೊಡುವುದು ಕಡಿಮೆ ಆಗಲಿಲ್ಲ, ತೊಡಕುಗಳೇ ಜಾಸ್ತಿ ಆದವು.

ನನ್ನ ಪ್ರಕಾರ ನಮ್ಮ ಭಾಗದಲ್ಲಿ ಎಲ್ಲಕ್ಕಿಂತ ದೊಡ್ಡ ತೊಂದರೆ ಆಪರೇಷನ್ ಟೇಬಲ್ಲಿನ ಮೇಲೆ ಇಲ್ಲ, ಅದಕ್ಕೂ ಮೊದಲೇ ಇದೆ. ರೋಗಿ ಒಳಗೆ ಹೋಗುವಾಗಲೇ ಹಿಮೋಗ್ಲೋಬಿನ್ 8, 9 ಇರುತ್ತದೆ. ಕರುಳಿನ ಗಡ್ಡೆ ಒಳಗೊಳಗೇ ಸೋರಿ ಕಬ್ಬಿಣಾಂಶ ಖಾಲಿ ಮಾಡಿರುತ್ತದೆ. ಅಂಥವರಿಗೆ ಸ್ವಲ್ಪ ರಕ್ತ ಹೋದರೂ ಬಾಟಲಿ ಏರಿಸಲೇಬೇಕಾಗುತ್ತದೆ. ನಿಮಗಿನ್ನೂ ಒಂದು ತಿಂಗಳಿದೆ, ದಯವಿಟ್ಟು ಅದನ್ನು ವ್ಯರ್ಥ ಮಾಡಬೇಡಿ. ಈ ವಾರವೇ ಹಿಮೋಗ್ಲೋಬಿನ್ ಪರೀಕ್ಷೆ, ಮೈಯಲ್ಲಿ ಕಬ್ಬಿಣಾಂಶ ಎಷ್ಟು ಉಳಿದಿದೆ ಅಂತ ತೋರಿಸುವ ಫೆರಿಟಿನ್ ಪರೀಕ್ಷೆ ಎರಡನ್ನೂ ಮಾಡಿಸಿ. ಕೊರತೆ ಇದ್ದರೆ ರಕ್ತನಾಳದ ಮೂಲಕ ಕಬ್ಬಿಣಾಂಶ ಕೊಡಬಹುದಾ ಅಂತ ಡಾಕ್ಟರನ್ನು ಕೇಳಿ. ಎರಡು ಮೂರು ವಾರಗಳಲ್ಲಿ ವ್ಯತ್ಯಾಸ ಕಾಣುತ್ತದೆ. ಹಿಮೋಗ್ಲೋಬಿನ್ ಎಷ್ಟಕ್ಕೆ ಇಳಿದರೆ ರಕ್ತ ಕೊಡುತ್ತೀರಿ ಅಂತಲೂ ಕೇಳಿ. ಕೇಳಿದರೆ ಸಿಟ್ಟಾಗುತ್ತಾರೆ ಅನ್ನುವ ಅಂಜಿಕೆ ಬೇಡ.

ಪ್ರಶ್ನೆ: ಅಪ್ಪನಿಗೆ ಮಗನ ರಕ್ತವನ್ನೇ ಕೊಟ್ಟರೆ ಒಳ್ಳೆಯದಲ್ಲವೇ?
– ಓದುಗರು, ಗದಗ

ಉತ್ತರ: ಬೇಡ. ಒಡಹುಟ್ಟಿದವರ, ಮಕ್ಕಳ ರಕ್ತವನ್ನು ನೇರವಾಗಿ ಕೊಟ್ಟರೆ ದಾನಿಯ ಬಿಳಿ ರಕ್ತಕಣಗಳು ರೋಗಿಯ ಮೈಮೇಲೆಯೇ ತಿರುಗಿಬೀಳುವ ಅಪಾಯ ಇದೆ. ಅಪರೂಪ, ಆದರೆ ಹಾಗೇನಾದರೂ ಆದಲ್ಲಿ ಪ್ರಾಣಕ್ಕೇ ಕುತ್ತು. ವಿಕಿರಣ ಹಾಯಿಸಿ ಆ ಬಿಳಿ ಕಣಗಳ ಕಾಟ ತಪ್ಪಿಸದೆ ಅಂಥ ರಕ್ತ ಕೊಡಬಾರದು. ಮಗ ಬ್ಲಡ್ ಬ್ಯಾಂಕಿಗೆ ರಕ್ತ ಕೊಡಲಿ, ಅದು ಬೇರೆಯವರಿಗೆ ಹೋಗಲಿ, ಅಪ್ಪನಿಗೆ ಬೇರೆ ದಾನಿಯದು ಬರಲಿ.