ಲೇತ್‌ನಲ್ಲಿ ಉಳಿ ಕಚ್ಚಿಕೊಳ್ಳುವುದಕ್ಕೆ ಪರಿಹಾರ
ಹಳೇ ಬಾಗಿಲ ಹೊನ್ನೆ ತುಂಡನ್ನು ಹೊಸ ಲೇತ್‌ಗೆ (ಮರವನ್ನು ತಿರುಗಿಸಿ ಕಡೆಯುವ ಯಂತ್ರ) ಹಾಕಿದ್ರೆ ಉಳಿ ಗಬಕ್ಕನೆ ಕಚ್ಚಿಕೊಳ್ಳುತ್ತದೆ ಅಂದಿದ್ದೀರಿ. ಬರೀ ಸ್ಪೀಡ್ ಇಳಿಸಿದರೆ ಸಾಲದು ಸಾರ್. ಉಳಿಯ ಬಾಯನ್ನು, ಅಂದ್ರೆ ಹರಿತದ ಅಂಚನ್ನು, ನೇರ ಚುಚ್ಚಬೇಡಿ. ಬಾಯಿ ಹಿಂದಿನ ಇಳಿಜಾರು ಮೊದಲು ಮರವನ್ನು ಸುಮ್ನೆ ಸವರಲಿ, ಆಮೇಲೆ ಹಿಡಿಯನ್ನು ಮೆಲ್ಲಗೆ ಮೇಲೆತ್ತಿ. ಸಿಪ್ಪೆ ಸುರುಳಿಯಾಗಿ ಬಂದರೆ ಸರಿ. ಪುಡಿ ಉದುರಿದರೆ ಉಳಿ ಮಸೆಯಿರಿ. ಟೂಲ್ ರೆಸ್ಟ್ (ಉಳಿಗೆ ಆಸರೆಯಾಗುವ ಪಟ್ಟಿ) ಮರಕ್ಕೆ ಹತ್ತಿರವಿರಲಿ, ಸ್ವಿಚ್ ಹಾಕುವ ಮುಂಚೆ ಮರವನ್ನು ಕೈಯಲ್ಲೇ ತಿರುಗಿಸಿ ನೋಡಿ.

ಅಲ್ಲ, ಈಗಲೇ ಹೊನ್ನೆ ಯಾಕೆ? ಗಟ್ಟಿ ಮರ, ಹಳೇದಾದರೆ ಒಳಗೆ ಮೊಳೆಯೂ ಇರಬಹುದು. ಚನ್ನಪಟ್ಟಣದ ಬೊಂಬೆಗೆ ಬಳಸುವ ಆಲೆಮರ ಮೆದು, ಕಲಿಯಲು ಹೇಳಿ ಮಾಡಿಸಿದ್ದು. ಬೆಂಗಳೂರಿಂದ ಸುಮಾರು 60 ಕಿ.ಮೀ., ಹೋಗಿಬನ್ನಿ. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿ, ಆ ತಿಕ್ಕಾಟದ ಬಿಸಿಗೇ ಕರಗಿಸಿ ಬಣ್ಣ ಹಚ್ಚುವುದನ್ನೂ ನೋಡಬಹುದು. ನೀವು ಲೇತ್ ಮುಂದೆ ನಿಂತಾಗ ಫೇಸ್ ಶೀಲ್ಡ್ ಬೇಕೇ ಬೇಕು, ಗ್ಲೌಸ್ ಮಾತ್ರ ಬೇಡವೇ ಬೇಡ.