ನೀರು, ಕರೆಂಟನ್ನೂ ಮೊಬೈಲ್ ಥರ ಖಾಸಗಿಯವರಿಗೆ ಕೊಟ್ಟರೆ ಅಗ್ಗ ಆಗಲ್ವಾ?

ಮೊಬೈಲ್ ಖಾಸಗಿಯವರ ಕೈಗೆ ಹೋದ ಮೇಲೆ ಅಗ್ಗ ಆಯ್ತು, ಸೇವೆಯೂ ಸುಧಾರಿಸಿತು, ಹಾಗಾದರೆ ಬೆಂಗಳೂರಿನ ನೀರು, ಕರೆಂಟು, ಬಸ್ಸನ್ನೂ ಯಾಕೆ ಕೊಡಬಾರದು ಅಂತ ಕೇಳಿದ್ದೀರಿ. ಮೊಬೈಲ್ ಅಗ್ಗ ಆಗಿದ್ದು ಒಬ್ಬರು ಸರಿಯಿಲ್ಲ ಅಂದರೆ ಇನ್ನೊಬ್ಬರ ಹತ್ತಿರ ಹೋಗಬಹುದಿತ್ತು ಅನ್ನೋ ಕಾರಣಕ್ಕೆ. 2011ರಿಂದಂತೂ ನಂಬರ್ ಉಳಿಸಿಕೊಂಡೇ ಕಂಪನಿ ಬಿಡಬಹುದು. ನೀರಿನಲ್ಲಿ ಅದು ಆಗಲ್ಲ. ರಸ್ತೆ ಅಗೆದು ಒಂದು ಪೈಪು ಹಾಕಿ ಮುಚ್ಚೋದರಲ್ಲೇ ನಮ್ಮೂರಲ್ಲಿ ಎರಡು ಮಳೆಗಾಲ ಕಳೆಯುತ್ತೆ. ಪೈಪೋಟಿ ಇರಲಿ ಅಂತ ನಾಲ್ಕು ಕಂಪನಿ ನಾಲ್ಕು ಪೈಪು ಹಾಕೋಕೆ ಹೊರಟರೆ ಅಷ್ಟೇ ಕಥೆ.

ಇನ್ನೊಂದು ವಿಷಯ. ಬೆಂಗಳೂರಿನಲ್ಲಿ ಖಾಸಗಿ ನೀರು ಹೊಸದಾಗಿ ಬರಬೇಕಾಗಿಲ್ಲ. ಟ್ಯಾಂಕರ್ ಅಂದರೆ ಮತ್ತೇನು?

ನಾನಿರೋದು ವರ್ತೂರು ಕಡೆ, ಒಂದು ಅಪಾರ್ಟ್‌ಮೆಂಟಿನಲ್ಲಿ. ಸಂಘದ ಲೆಕ್ಕ ನೋಡಿಕೊಳ್ಳೋ ಕೆಲಸ ನನ್ನ ತಲೆಗೆ ಕಟ್ಟಿದ್ದಾರೆ, ಹಾಗಾಗಿ ಟ್ಯಾಂಕರ್ ಬಿಲ್ಲು ನನ್ನ ಕೈ ದಾಟಿಯೇ ಹೋಗಬೇಕು. 2024ರ ಮಾರ್ಚ್ ನೆನಪಿರಬೇಕಲ್ಲ, ಎಲ್ಲರ ಬೋರ್‌ವೆಲ್ ಕೈಕೊಟ್ಟ ಬೇಸಿಗೆ. ಆಗ ಜಿಲ್ಲಾಡಳಿತ ಟ್ಯಾಂಕರಿಗೆ ದರ ನಿಗದಿ ಮಾಡಿತು. 5 ಕಿಲೋಮೀಟರ್ ಒಳಗಾದರೆ 12,000 ಲೀಟರಿಗೆ 1,000 ರೂಪಾಯಿ. ಅಂದರೆ 1,000 ಲೀಟರಿಗೆ ಸುಮಾರು 83 ರೂಪಾಯಿ ಬಿತ್ತು. ಅದೇ ಹೊತ್ತಿಗೆ ಜಲಮಂಡಳಿ ಸಾಮಾನ್ಯ ಮನೆಗಳಿಗೆ ಮೊದಲ 8,000 ಲೀಟರಿನವರೆಗೆ ತಗೊಳ್ತಿದ್ದದ್ದು 1,000 ಲೀಟರಿಗೆ 7 ರೂಪಾಯಿ. ಹತ್ತತ್ತಿರ 12 ಪಟ್ಟು, ಅದೂ ಸರ್ಕಾರ ಕಡಿವಾಣ ಹಾಕಿದ ಮೇಲಿನ ರೇಟು. ನಮಗೆ ನೀರು ಹಾಕುವವರು ಆ ರೇಟು ಕೇಳಿ ಸುಮ್ನೆ ನಕ್ಕರು.

ದುಡ್ಡು ಹೋಗಲಿ, ಅಳತೆ ನೋಡಿ. ನಮ್ಮ ಸಂಪು 4 ಮೀಟರ್ ಉದ್ದ, 3 ಮೀಟರ್ ಅಗಲ. 12,000 ಲೀಟರ್ ಬಿಟ್ಟರೆ ನೀರು ಸರಿಯಾಗಿ 1 ಮೀಟರ್ ಏರಬೇಕು, ದೊಡ್ಡ ಗಣಿತವೇನಲ್ಲ. ಒಂದು ರಾತ್ರಿ ಮೋಟಾರ್ ಆಫ್ ಮಾಡಿಸಿ, ವಾಚ್‌ಮನ್ ಕೈಗೆ ಉದ್ದನೆಯ ಪಿವಿಸಿ ಕೊಳವೆ ಕೊಟ್ಟು, ಲೋಡ್ ಬೀಳೋ ಮುಂಚೆ ಒಂದು ಗುರುತು, ಬಿದ್ದ ಮೇಲೆ ಒಂದು ಗುರುತು ಹಾಕಿಸಿದೆ. ಏರಿದ್ದು 85 ಸೆಂಟಿಮೀಟರ್. ಅಂದರೆ 10,200 ಲೀಟರ್. ಡ್ರೈವರನ್ನ ಕೇಳಿದರೆ "ಟ್ಯಾಂಕ್ ಫುಲ್ ಮಾಡಿಸ್ಕೊಂಡೇ ಬಂದಿದ್ದೀನಿ ಸಾರ್, ರೋಡ್ ಹಂಗಿದೆ, ಚೆಲ್ಲುತ್ತೆ" ಅಂದ. ರೋಡ್ ಹಂಗೇ ಇದೆ, ಅದನ್ನ ಅಲ್ಲಗಳೆಯೋಕಾಗಲ್ಲ. ಆದರೂ 1,800 ಲೀಟರ್ ಚೆಲ್ಲಿದ್ದರೆ ವರ್ತೂರು ಕೋಡಿಯಲ್ಲಿ ಹೊಳೆ ಹರೀಬೇಕಿತ್ತು.

ಬೇರೆಯವರಿಂದ ತರಿಸೋಣ ಅಂತ ಫೋನ್ ಮಾಡಿದರೆ "ಆ ಏರಿಯಾ ಅವರದ್ದು ಸಾರ್, ನಾವು ಬರಲ್ಲ" ಅಂದರು. ಜಾಸ್ತಿ ಜಗಳ ಆಡಿದರೆ ನಾಳೆ ಲೋಡ್ ಬರಲ್ಲ. ಪೈಪೇ ಇಲ್ಲದ ಕಡೆಯೂ ಆಯ್ಕೆ ಇಲ್ಲ, ನೋಡಿ.

ಇದನ್ನೆಲ್ಲ ಓದಿ ಸರ್ಕಾರದ್ದೇ ಚೆಂದ ಅಂತ ಹೇಳ್ತಿದ್ದೇನೆ ಅಂದುಕೊಳ್ಳಬೇಡಿ. ಟ್ಯಾಂಕರ್ ದಂಧೆ ಬೆಳೆದಿದ್ದೇ ಪೈಪು ಬರದೆ. ನಗರದ ಸುತ್ತಲಿನ 110 ಹಳ್ಳಿಗಳನ್ನು ಬಿಬಿಎಂಪಿಗೆ ಸೇರಿಸಿದ್ದು 2007ರಲ್ಲಿ. ಅವಕ್ಕೆ ಅಂತ ಮಾಡಿದ ಕಾವೇರಿ 5ನೇ ಹಂತ ಉದ್ಘಾಟನೆ ಆಗಿದ್ದು 2024ರ ಅಕ್ಟೋಬರಿನಲ್ಲಿ. ಅಷ್ಟು ವರ್ಷ ಇಲ್ಲಿನ ಜನ ತೆರಿಗೆ ಕಟ್ಟಿಕೊಂಡು, ನೀರನ್ನು ಲಾರಿಯಿಂದ ಕೊಂಡರು. ಇತ್ತ ಜಲಮಂಡಳಿ 2014ರಿಂದ 2025ರವರೆಗೆ ದರವನ್ನೇ ಏರಿಸಲಿಲ್ಲ. ಬಡವರಿಗೆ ಅನುಕೂಲ ಅಂತ ಹೇಳ್ತಾರೆ. ಆದರೆ ಆ 7 ರೂಪಾಯಿ ನೀರು ಸಿಕ್ಕಿದ್ದು ಪೈಪು ಇದ್ದವರಿಗೆ. ಜಯನಗರದ ಬಂಗಲೆಗೆ ಅಗ್ಗ, ನಮ್ಮ ಹಿಂದಿನ ಬೀದಿಯ ಶೀಟ್ ಮನೆಗಳಿಗೆ ಬಿಂದಿಗೆ ಲೆಕ್ಕ. ನನಗೆ ಅತಿ ಹೆಚ್ಚು ಸಿಟ್ಟು ಬರೋದು ಇದಕ್ಕೇ.

ಖಾಸಗಿಯವರು ಬಂದರೆ ನೀರು ಅಗ್ಗ ಆಗುತ್ತೆ ಅನ್ನೋದನ್ನೂ ನಾನು ನಂಬಲ್ಲ. ಕಾವೇರಿ ನೀರು ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯ ಪಂಪಿಂಗ್ ಕೇಂದ್ರದಿಂದ ಸುಮಾರು 100 ಕಿಲೋಮೀಟರ್ ಬರಬೇಕು, ಸುಮಾರು 500 ಮೀಟರ್ ಮೇಲಕ್ಕೆ ಹತ್ತಬೇಕು. ಜಲಮಂಡಳಿಯ ಖರ್ಚಿನಲ್ಲಿ ದೊಡ್ಡ ಪಾಲು ಆ ಪಂಪುಗಳ ಕರೆಂಟ್ ಬಿಲ್ಲೇ. ಯಾವ ಕಂಪನಿ ಬಂದರೂ ತೊರೆಕಾಡನಹಳ್ಳಿ ಹತ್ತಿರ ಆಗಲ್ಲ, ಬೆಂಗಳೂರು ತಗ್ಗಿಗೆ ಇಳಿಯಲ್ಲ. ಇಂಗ್ಲೆಂಡಿನಲ್ಲಿ 1989ರಲ್ಲಿ ನೀರಿನ ಕಂಪನಿಗಳನ್ನು ಸಾಲವನ್ನೆಲ್ಲ ಮನ್ನಾ ಮಾಡಿ ಖಾಸಗಿಯವರಿಗೆ ಮಾರಿದರು. ಲಂಡನ್ನಿಗೆ ನೀರು ಕೊಡುವ ಥೇಮ್ಸ್ ವಾಟರ್ ಮೇಲೆ 2025ರ ಹೊತ್ತಿಗೆ 1,500 ಕೋಟಿ ಪೌಂಡ್‌ಗೂ ಮೀರಿದ ಸಾಲ ಇತ್ತು. ಅಲ್ಲಿನವರಿಗೂ ಬೇರೆ ಪೈಪಿಲ್ಲ.

ಕರೆಂಟಿನ ಕಥೆ ಸ್ವಲ್ಪ ಬೇರೆ. ದೆಹಲಿಯಲ್ಲಿ 2002ರಲ್ಲಿ ವಿತರಣೆಯನ್ನು ಖಾಸಗಿಯವರಿಗೆ ಕೊಟ್ಟರು. ಆಗ ಕಳವು, ಸೋರಿಕೆ, ವಸೂಲಾಗದ ಬಿಲ್ಲು ಎಲ್ಲ ಸೇರಿ ಅರ್ಧಕ್ಕಿಂತ ಜಾಸ್ತಿ ನಷ್ಟ ಇತ್ತು. ಅದು ಶೇ. 10ಕ್ಕಿಂತ ಕೆಳಗೆ ಇಳಿಯಿತು, ಅದನ್ನ ಒಪ್ಪಲೇಬೇಕು. ಆದರೆ ದರ ಏರಿಸೋಕೆ ಬಿಡದೆ ಕಂಪನಿಗಳ ಬಾಕಿ ಸಾವಿರಾರು ಕೋಟಿ ಬೆಳೆಯಿತು. ಅದನ್ನ ತೀರಿಸಿ ಅಂತ 2025ರಲ್ಲಿ ಸುಪ್ರೀಂ ಕೋರ್ಟ್ ಹೇಳಬೇಕಾಯಿತು. ಖಾಸಗಿ ಆದ ಮಾತ್ರಕ್ಕೆ ರಾಜಕೀಯ ಬಿಟ್ಟು ಹೋಗಲ್ಲ.

ನಮ್ಮ ಬೆಸ್ಕಾಂ ಸರ್ಕಾರದ್ದೇ. ಆದರೂ ದರ ಏರಿಸೋಕೆ ವಸಂತನಗರದ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ಮುಂದೆ ಲೆಕ್ಕ ಇಟ್ಟು ನಿಲ್ಲಬೇಕು. ಯಾರು ಬೇಕಾದರೂ ಆಕ್ಷೇಪಣೆ ಸಲ್ಲಿಸಬಹುದು. ಒಂದು ವಿಚಾರಣೆಗೆ ನಾನೂ ಹೋಗಿ ಕೂತಿದ್ದೆ. ಒಬ್ಬ ಸಣ್ಣ ಕಾರ್ಖಾನೆ ಮಾಲೀಕರು ಬೆಸ್ಕಾಂ ಕೊಟ್ಟ ಅಂಕಿಗಳನ್ನೇ ಹಿಡಿದು ಪುಟ ಪುಟ ಪ್ರಶ್ನೆ ಕೇಳಿದರು, ಅಧಿಕಾರಿಗಳು ಫೈಲ್ ತಿರುವಿ ಉತ್ತರ ಹುಡುಕಬೇಕಾಯ್ತು. ನೀರಿಗೆ ಅಂಥ ಬಾಗಿಲೇ ಇಲ್ಲ. ಮಂಡಳಿ ಪ್ರಸ್ತಾವ ಕೊಡುತ್ತೆ, ಸರ್ಕಾರಕ್ಕೆ ಮನಸ್ಸು ಬಂದಾಗ ಒಪ್ಪುತ್ತೆ. 11 ವರ್ಷಕ್ಕೆ ಒಮ್ಮೆ ಬಂತು.

ಬಸ್ಸಿನ ಬಗ್ಗೆ ಹೆಚ್ಚು ಬರೆಯಲ್ಲ. 1940ರಲ್ಲಿ ಶುರುವಾದಾಗ ಬೆಂಗಳೂರಿನ ಬಸ್ಸು ಖಾಸಗಿ ಕಂಪನಿಯದ್ದೇ ಆಗಿತ್ತು. 1956ರಲ್ಲಿ ಸರ್ಕಾರ ವಹಿಸಿಕೊಂಡು ಬಿಟಿಎಸ್ ಆಯ್ತು, ಹಳಬರು ಈಗಲೂ ಹಾಗೇ ಅಂತಾರೆ. ಈಗ ಎಲೆಕ್ಟ್ರಿಕ್ ಬಸ್ಸುಗಳಲ್ಲಿ ಗಾಡಿ, ಡ್ರೈವರ್ ಖಾಸಗಿ ಕಂಪನಿಯದ್ದು, ಕಂಡಕ್ಟರ್ ಬಿಎಂಟಿಸಿಯವರು, ಕಿಲೋಮೀಟರಿಗೆ ಇಷ್ಟು ಅಂತ ಬಾಡಿಗೆ. ರೂಟು, ಟಿಕೆಟ್ ದರ ಬಿಎಂಟಿಸಿ ಕೈಯಲ್ಲಿ ಇರೋವರೆಗೆ ನನ್ನದೇನೂ ತಕರಾರಿಲ್ಲ.

ನೀರಿಗೂ ನಾನು ಹೇಳೋದು ಹೆಚ್ಚುಕಡಿಮೆ ಅದೇ. ಪೈಪು, ಪಂಪು ಜಲಮಂಡಳಿಯದ್ದೇ ಇರಲಿ. ಮೀಟರ್ ಓದೋದು, ಸೋರಿಕೆ ಹುಡುಕೋದು ಯಾರಿಗಾದರೂ ಗುತ್ತಿಗೆ ಕೊಡಲಿ. ದರ ವರ್ಷ ವರ್ಷ ಸ್ವಲ್ಪ ಏರಲಿ, ಆದರೆ ಕರೆಂಟಿನ ಹಾಗೆ ಎಲ್ಲರ ಎದುರು ಲೆಕ್ಕ ಇಟ್ಟು ಏರಲಿ. 2025ರಲ್ಲಿ ಜಲಮಂಡಳಿಯೇ ಸಂಚಾರಿ ಕಾವೇರಿ ಅಂತ ಆನ್‌ಲೈನಿನಲ್ಲಿ ಬುಕ್ ಮಾಡೋ ಟ್ಯಾಂಕರ್ ಶುರು ಮಾಡಿದೆ, ಒಳ್ಳೆಯದೇ. ಮಿಕ್ಕ ಟ್ಯಾಂಕರುಗಳನ್ನು ಓಡಿಸಬೇಡಿ ಅಂತ ನಾನು ಹೇಳಲ್ಲ, ಅವರಿಲ್ಲದೆ ಏಪ್ರಿಲ್ ದಾಟೋಕಾಗಲ್ಲ. ಲೈಸೆನ್ಸ್ ಕೊಡಿ, ಪೆಟ್ರೋಲ್ ಬಂಕಿನಲ್ಲಿ ಇರೋ ಹಾಗೆ ಮುದ್ರೆ ಹಾಕಿದ ಮೀಟರ್ ಇಡಿಸಿ. ವಾಚ್‌ಮನ್ ಕೈಗೆ ಪಿವಿಸಿ ಕೊಳವೆ ಕೊಡೋ ಕೆಲಸ ನನಗೆ ತಪ್ಪುತ್ತೆ.