ಓದುಗರ ಪ್ರಶ್ನೆ, ವಿಜ್ಞಾನದ ಉತ್ತರ: ಒಂದು ಪ್ರಾಣಿಯೋ, ಹಲವೋ?

ಪ್ರಶ್ನೆ: ಆಗಸ್ಟ್ ತಿಂಗಳಲ್ಲಿ ಜುಹೂ ಕಡಲತೀರದಲ್ಲಿ ಆಡುತ್ತಿದ್ದ ನನ್ನ ಮಗಳ ಕಾಲಿಗೆ ನೀಲಿ ದಾರದಂಥದೇನೋ ಸುತ್ತಿಕೊಂಡು, ಬರೆ ಎಳೆದ ಹಾಗೆ ಚರ್ಮ ಕೆಂಪಾಯಿತು. ಸುತ್ತಲಿದ್ದವರು ಅದು ಜೆಲ್ಲಿಫಿಶ್, ಮರಳಿನಿಂದ ಉಜ್ಜಿ ಎಂದರು. ಹಾಗೆ ಮಾಡಿದ ಮೇಲೆ ಉರಿ ಇನ್ನೂ ಹೆಚ್ಚಿತು. ಏಕೆ? – ಅಂಧೇರಿಯ ಓದುಗರೊಬ್ಬರು

ಉತ್ತರ: ನಿಮ್ಮ ವಿವರಣೆಗೆ ಹೊಂದುವುದು ಬ್ಲೂ ಬಾಟಲ್, ಅಂದರೆ ಫೈಸೇಲಿಯಾ. ನೋಟಕ್ಕೆ ಜೆಲ್ಲಿಫಿಶ್‌ನಂತೆ ಕಂಡರೂ ಅದು ಜೆಲ್ಲಿಫಿಶ್ ಅಲ್ಲ, ಅದರ ದೂರದ ನೆಂಟ. ಇದಕ್ಕೆ ಈಜಲು ಬಾರದು. ನೀರಿನ ಮೇಲೆ ಉಬ್ಬಿ ನಿಂತ ಹೆಬ್ಬೆರಳ ಗಾತ್ರದ ನೀಲಿ ಚೀಲವೇ ಇದರ ಹಾಯಿಯಾದ್ದರಿಂದ, ಮಳೆಗಾಲದ ನೈರುತ್ಯ ಮಾರುತ ಬೀಸಿದತ್ತ ಸಾಗಿ ನಮ್ಮ ತೀರಕ್ಕೆ ಬಂದು ಬೀಳುತ್ತದೆ. ಆ ಚೀಲದೊಳಗಿನ ಅನಿಲದಲ್ಲಿ ಕಾರ್ಬನ್ ಮೊನಾಕ್ಸೈಡ್ ಕೂಡ ಇರುತ್ತದೆ ಎಂದರೆ ನೀವು ನಂಬಲಾರಿರಿ. ಅದನ್ನು ಆ ಜೀವಿಯೇ ತಯಾರಿಸಿಕೊಳ್ಳುತ್ತದೆ.

ಇದಕ್ಕಿಂತ ವಿಚಿತ್ರವಾದ ಸಂಗತಿಯೆಂದರೆ, ಒಂದು ಬ್ಲೂ ಬಾಟಲ್ ಎಂಬುದು ಒಂದು ಪ್ರಾಣಿಯಲ್ಲ, ಒಂದೇ ಮೊಟ್ಟೆಯಿಂದ ಕವಲೊಡೆದು ಬೆಳೆದ ಅನೇಕ ಪುಟ್ಟ ಪ್ರಾಣಿಗಳ ಸಂಸಾರ. ಬೇಟೆ ಹಿಡಿಯುವವು ಕೆಲವು, ಜೀರ್ಣಿಸುವವು ಕೆಲವು, ಸಂತಾನದ ಕೆಲಸ ನೋಡಿಕೊಳ್ಳುವವು ಇನ್ನು ಕೆಲವು. ಅವಿಭಕ್ತ ಕುಟುಂಬದಲ್ಲಾದರೆ ಜಗಳವಾಡಿ ಬೇರೆ ಮನೆ ಮಾಡಬಹುದು. ಇಲ್ಲಿ ಹೊಟ್ಟೆಯಿದ್ದವನಿಗೆ ಕೈಯಿಲ್ಲ, ಕೈಯಿದ್ದವನಿಗೆ ಹೊಟ್ಟೆಯಿಲ್ಲ, ಬೇರೆಯಾದರೆ ಯಾರೂ ಬದುಕುವುದಿಲ್ಲ.

ಇನ್ನು ಉರಿಯ ವಿಷಯ. ಆ ನೀಲಿ ದಾರದಲ್ಲಿ ಸಾವಿರಾರು ಕುಟುಕುಕಣಗಳಿರುತ್ತವೆ. ಪ್ರತಿ ಕಣದೊಳಗೂ ಅಪಾರ ಒತ್ತಡದಲ್ಲಿರುವ ಒಂದು ಪುಟ್ಟ ಚೀಲ, ಅದರೊಳಗೆ ಸುರುಳಿ ಸುತ್ತಿಟ್ಟ ಟೊಳ್ಳು ಎಳೆ, ಜೊತೆಗೆ ವಿಷ. ತಾಗಿದೊಡನೆ ಎಳೆ ಚಿಮ್ಮಿ ಚರ್ಮವನ್ನು ಚುಚ್ಚುತ್ತದೆ. ಇದೇ ಬಳಗದ, ಸಿಹಿನೀರಿನ ಪುಟ್ಟ ಪ್ರಾಣಿಯಾದ ಹೈಡ್ರಾದಲ್ಲಿ ಅಳೆದು ನೋಡಿದಾಗ, ಆ ಚಿಮ್ಮುವಿಕೆಯ ಮೊದಲ ಹಂತಕ್ಕೆ ಹಿಡಿದ ಕಾಲ ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗಕ್ಕಿಂತಲೂ ಕಡಿಮೆ. ಚರ್ಮಕ್ಕೆ ಅಂಟಿದ ಕಣಗಳೆಲ್ಲವೂ ಒಮ್ಮೆಗೇ ಸಿಡಿದಿರುವುದಿಲ್ಲ. ಮರಳಿನಿಂದ ಉಜ್ಜಿದಾಗ ಉಳಿದವೂ ಸಿಡಿದವು, ಅಷ್ಟೇ. ಇನ್ನೊಮ್ಮೆ ಹೀಗಾದರೆ ಸಮುದ್ರದ ನೀರಿನಿಂದಲೇ ತೊಳೆದು, ಅಂಟಿದ ದಾರವನ್ನು ಚಿಮಟದಿಂದ ಬಿಡಿಸಿ, ಆಮೇಲೆ ತಾಳಬಲ್ಲಷ್ಟು ಬಿಸಿಯಾದ, ಸುಮಾರು 45 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಇಪ್ಪತ್ತು ನಿಮಿಷ ಕಾಲಿಡಿಸಿ. ಮಗುವಿನ ಕಾಲಾದ್ದರಿಂದ ನೀರಿಗೆ ಮೊದಲು ನಿಮ್ಮ ಕೈಯಿಟ್ಟು ನೋಡಿ. ಉಸಿರಾಟಕ್ಕೆ ತೊಂದರೆಯಾದರೆ ಮನೆಮದ್ದಿನಲ್ಲಿ ಕಾಲ ಕಳೆಯದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಪ್ರಶ್ನೆ: ದಡದಲ್ಲಿ ಸತ್ತು ಬಿದ್ದ ಜೆಲ್ಲಿಫಿಶ್ ಮುಟ್ಟಬಹುದೇ? – ಗೋವಾದ ವಾಸ್ಕೋದಿಂದ ಒಬ್ಬ ವಿದ್ಯಾರ್ಥಿನಿ

ಉತ್ತರ: ಬೇಡ. ಜೆಲ್ಲಿಫಿಶ್‌ಗೆ ಬದುಕಿದ್ದಾಗಲೂ ಮಿದುಳಿಲ್ಲ, ನರಗಳ ಬಲೆಯೊಂದಿದೆ. ಕುಟುಕುಕಣವಾದರೋ ಆ ಬಲೆಯ ಅಪ್ಪಣೆಗೂ ಕಾಯಬೇಕಾಗಿಲ್ಲ. ಒಡೆಯ ಸತ್ತ ಮೇಲೂ ಕಾವಲು ಕಾಯುತ್ತದೆ.

ಪ್ರಶ್ನೆ: ಮಳೆಗಾಲದಲ್ಲಿ ನಮ್ಮ ಹೂಕುಂಡದ ಕೆಳಗೆ ಗೇಣುದ್ದದ, ಬೆನ್ನ ಮೇಲೆ ಕಪ್ಪು ಗೆರೆಗಳಿರುವ, ಅರ್ಧಚಂದ್ರಾಕಾರದ ತಲೆಯ ಹುಳು ಕಾಣಿಸಿತು. ಜಿಗಣೆಯೆಂದು ಕತ್ತರಿಸಿದರೆ ಎರಡು ತುಂಡುಗಳೂ ಹರಿದಾಡಿದವು! – ಪುಣೆಯ ಕೋಥ್ರೂಡ್‌ನಿಂದ ಒಬ್ಬ ಗೃಹಿಣಿ

ಉತ್ತರ: ಅದು ಜಿಗಣೆಯಲ್ಲ, ರಕ್ತ ಹೀರುವುದಿಲ್ಲ, ಬೈಪೇಲಿಯಂ ಎಂಬ ನೆಲದ ಚಪ್ಪಟೆ ಹುಳುವಿರಬೇಕು. ಇದರ ಒಂದು ಪ್ರಭೇದಕ್ಕೆ 1878ರಲ್ಲಿ ಹೆಸರಿಟ್ಟದ್ದು ಲಂಡನ್ನಿನ ಕ್ಯೂ ಉದ್ಯಾನದ ಗಾಜಿನಮನೆಯಲ್ಲಿ ಸಿಕ್ಕ ಹುಳುಗಳನ್ನು ನೋಡಿ. ಮೂಲ ನೆಲೆ ಆಗ್ನೇಯ ಏಷ್ಯಾ. ಕುಂಡದ ಮಣ್ಣಿನಲ್ಲಿ ಅಡಗಿ ಜಗತ್ತೆಲ್ಲ ಸುತ್ತಿದೆ.

ಇದಕ್ಕೆ ರಕ್ತವಿಲ್ಲ, ಶ್ವಾಸಕೋಶವಿಲ್ಲ. ಆಮ್ಲಜನಕ ಚರ್ಮದ ಮೂಲಕವೇ ಪ್ರತಿಯೊಂದು ಕಣಕ್ಕೂ ಇಳಿಯಬೇಕಾದ್ದರಿಂದ ದೇಹ ದಪ್ಪವಾಗುವಂತಿಲ್ಲ. ಚಪ್ಪಟೆಯಾಗಿರುವುದು ಅದರ ಅನಿವಾರ್ಯ. ಬಾಯಿ ತಲೆಯಲ್ಲಿಲ್ಲ, ಹೊಟ್ಟೆಯ ನಡುವಿನಲ್ಲಿದೆ. ಎರೆಹುಳುವನ್ನು ಅಪ್ಪಿ ಹಿಡಿದು, ಗಂಟಲನ್ನೇ ಹೊರಚಾಚಿ, ಜೀರ್ಣರಸ ಸುರಿದು ಹೀರುತ್ತದೆ. ಉಂಡ ಬಾಯಿಯಿಂದಲೇ ಕಸವನ್ನೂ ಹೊರಹಾಕುತ್ತದೆ, ಬೇರೆ ದ್ವಾರವಿಲ್ಲ.

ನೀವು ಕತ್ತರಿಸಿದ್ದು ಅದಕ್ಕೆ ಉಪಕಾರವೇ ಆಯಿತು. ಬಾಲದ ತುದಿಯನ್ನು ತಾನೇ ಕಡಿದುಕೊಂಡು, ಆ ತುಂಡಿಗೆ ಹೊಸ ತಲೆ ಬೆಳೆಸುವುದು ಅದರ ಸಂತಾನದ ಮಾಮೂಲಿ ವಿಧಾನ. ಇದೇ ಬಳಗದ ನೀರಿನ ಹುಳುಗಳಾದ ಪ್ಲನೇರಿಯಾಗಳನ್ನು ಅಮೆರಿಕದ ಜೀವವಿಜ್ಞಾನಿ ಥಾಮಸ್ ಹಂಟ್ ಮಾರ್ಗನ್ 1898ರ ಸುಮಾರಿಗೆ ತುಂಡುತುಂಡು ಮಾಡಿ ಪರೀಕ್ಷಿಸಿದ್ದರು. ಮೈಯೆಲ್ಲ ಹರಡಿರುವ ಕಾಂಡಕೋಶಗಳು ಗಾಯದತ್ತ ಸೇರಿ, ಬೇಕಾದ ಅಂಗವನ್ನು ಕಟ್ಟುತ್ತವೆಂಬುದು ಆಮೇಲೆ ತಿಳಿಯಿತು. ಈ ನೆಲದ ಹುಳುವಿನಲ್ಲಿ ಬಲೂನು ಮೀನಿನ ವಿಷವಾದ ಟೆಟ್ರೊಡೊಟಾಕ್ಸಿನ್ ಇರುವುದು 2014ರಲ್ಲಿ ಪ್ರಕಟವಾಯಿತು. ಆದ್ದರಿಂದ ಬರಿಗೈಯಲ್ಲಿ ಹಿಡಿಯದೆ, ಕಾಗದದಿಂದ ಎತ್ತಿ ಉಪ್ಪು ತುಂಬಿದ ಡಬ್ಬಿಗೆ ಹಾಕಿ. ಮನೆಯಲ್ಲಿ ಎರೆಗೊಬ್ಬರದ ತೊಟ್ಟಿಯಿದ್ದರೆ ಅದನ್ನೂ ಒಮ್ಮೆ ಕೆದಕಿ ನೋಡಿ.

ಪ್ರಶ್ನೆ: ಉಂಗುರದ ಹವಳ ಕಲ್ಲೋ, ಗಿಡವೋ? ಮುಂಬಯಿಯ ಕಡಲಿನಲ್ಲಿ ಅದು ಸಿಗುತ್ತದೆಯೇ? – ಡೊಂಬಿವಲಿಯ ನಿವೃತ್ತ ಶಿಕ್ಷಕರು

ಉತ್ತರ: ಕಲ್ಲೆಂದೇ ನವರತ್ನದಲ್ಲಿ ಸೇರಿಸಿದ್ದೇವೆ, ಯುರೋಪಿನ ಪಂಡಿತರು ಬಹುಕಾಲ ಗಿಡವೆಂದರು. 1720ರ ದಶಕದಲ್ಲಿ ಫ್ರಾನ್ಸಿನ ವೈದ್ಯ ಪೆಯ್ಸೊನೆಲ್ ಹವಳವನ್ನು ಸಮುದ್ರದ ನೀರಿನಲ್ಲಿಟ್ಟು ನೋಡಿ, ಅದರ ‘ಹೂವು’ಗಳು ಹೂವಲ್ಲ, ತೋಳು ಬಿಚ್ಚುವ ಪ್ರಾಣಿಗಳು ಎಂದಾಗ ಪ್ಯಾರಿಸ್ಸಿನ ಅಕಾಡೆಮಿ ಒಪ್ಪಲಿಲ್ಲ. ಮುಂದೆ ಟ್ರೆಂಬ್ಲೆ ಎಂಬ ನಿಸರ್ಗವಿಜ್ಞಾನಿ ಹೈಡ್ರಾವನ್ನು ಪರೀಕ್ಷಿಸಿ, ಅದು ಪ್ರಾಣಿಯೆಂದು ತೋರಿಸಿದ ಮೇಲೆ ಪೆಯ್ಸೊನೆಲ್‌ನ ಮಾತಿಗೆ ಬೆಲೆ ಬಂತು.

ಮುಂಬಯಿಯಲ್ಲಿ ಹವಳವಿದೆ, ಆದರೆ ಉಂಗುರದ್ದಲ್ಲ. ಕರಾವಳಿ ರಸ್ತೆಗಾಗಿ 2020ರಲ್ಲಿ ಹಾಜಿ ಅಲಿ ಮತ್ತು ವರ್ಲಿಯ ಬಂಡೆಗಳಿಂದ 18 ಹವಳದ ಗುಂಪುಗಳನ್ನು ಬೇರೆಡೆಗೆ ಸಾಗಿಸಲಾಯಿತು. ಈ ಕೆಲಸ ಗೋವಾದ ದೋನಾ ಪಾವ್ಲಾದ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆಯದು. ಬಂಡೆಗೆ ಅಂಟಿದ ಈ ಹವಳಗಳು ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಅನುಸೂಚಿಯಲ್ಲಿವೆ, ಕಿತ್ತು ತರುವುದು ಅಪರಾಧ.

ಒಡವೆಯ ಕೆಂಪು ಹವಳ ಮುಖ್ಯವಾಗಿ ಮೆಡಿಟರೇನಿಯನ್ ಮತ್ತು ಜಪಾನಿನ ಕಡಲುಗಳದು. ಎಂಟು ತೋಳುಗಳ ಪುಟ್ಟ ಪ್ರಾಣಿಗಳು ಕಟ್ಟಿಕೊಂಡ ಕ್ಯಾಲ್ಸಿಯಂ ಕಾರ್ಬೊನೇಟಿನ ಬೆನ್ನೆಲುಬನ್ನೇ ನೀವು ಬೆರಳಿಗೆ ಧರಿಸಿದ್ದೀರಿ. ಕ್ಯಾಲ್ಸಿಯಂ ಕಾರ್ಬೊನೇಟಿಗೆ ಹುಳಿ ಆಗದಾದ್ದರಿಂದ, ಕೋಸಂಬರಿಗೆ ನಿಂಬೆಹಣ್ಣು ಹಿಂಡುವಾಗ ಉಂಗುರವನ್ನು ತೆಗೆದಿಡಿ. ಹೊಳಪು ಮಾಸಿದರೆ ಅಕ್ಕಸಾಲಿಗನ ಹತ್ತಿರ ಮತ್ತೆ ಪಾಲಿಶ್ ಮಾಡಿಸಬೇಕಾದೀತು.